ಟರ್ಬೈನ್ ಪೈಪಿಗೆ ಮೀನು ಸಿಗದ ಹಾಗೆ

ನಮ್ಮದು ಆಗುಂಬೆ ಕಡೆಯ ಅಡಿಕೆ ತೋಟ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ಅದಕ್ಕೇ ತೋಟದ ಪಕ್ಕದ ಹಳ್ಳಕ್ಕೆ 1 ಕಿಲೋವ್ಯಾಟಿನ ಪಿಕೋ ಹೈಡ್ರೋ, ಅಂದ್ರೆ ಹರಿಯುವ ನೀರಿಂದ ಕರೆಂಟು ಮಾಡುವ ಪುಟ್ಟ ಟರ್ಬೈನ್ ಹಾಕಿಸಿದೆವು. ಮಲೆನಾಡಿನ ಬಹಳ ಮನೆಗಳಲ್ಲಿ ಇದಿದೆ. ನೀರು 30 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದು, ತುದಿಯ ಕಿರಿದಾದ ನಾಝಲ್‌ನಿಂದ ಚಿಮ್ಮಿ, ಸುತ್ತಲೂ ಬಟ್ಟಲುಗಳಿರುವ ಪೆಲ್ಟನ್ ಚಕ್ರಕ್ಕೆ ಹೊಡೆಯುತ್ತದೆ. ಆ ದಾರಿಯಲ್ಲಿ ಹೋದ ಮೀನುಮರಿ ಬದುಕುವ ಮಾತೇ ಇಲ್ಲ.

ಪೈಪಿನ ಬಾಯಿಗೆ ಸುಮ್ನೆ ಜಾಲರಿ ಸುತ್ತಿದರೆ ಸಾಲದು. ನಮಗೆ ಸೆಕೆಂಡಿಗೆ ಸುಮಾರು 7 ಲೀಟರ್ ನೀರು ಬೇಕು. 4 ಇಂಚಿನ ಬಾಯಲ್ಲಿ ಅಷ್ಟು ನೀರು ನುಗ್ಗಿದರೆ ವೇಗ ಸೆಕೆಂಡಿಗೆ 80 ಸೆಂಟಿಮೀಟರ್ ದಾಟುತ್ತದೆ. ಮರಿ ಒಳಗೆ ಹೋಗದಿದ್ದರೂ ಜಾಲರಿಗೆ ಅಂಟಿಕೊಂಡೇ ಸಾಯುತ್ತದೆ. ಅದು ಈಜಿ ತಪ್ಪಿಸಿಕೊಳ್ಳಬೇಕು ಅಂದ್ರೆ ಸೆಳೆತ ಸೆಕೆಂಡಿಗೆ 10 ಸೆಂಟಿಮೀಟರ್ ಒಳಗಿರಬೇಕು. ಹಾಗಾಗಿ ಪೈಪಿನ ಮುಂದೆ ಸಿಮೆಂಟ್ ತೊಟ್ಟಿ ಕಟ್ಟಿ, ಅದಕ್ಕೆ ಎರಡೂವರೆ ಚದರ ಅಡಿಯ ಸ್ಟೀಲ್ ಜಾಲರಿ ಕೂರಿಸಿದೆವು. ಸಂದು 2 ಮಿಲಿಮೀಟರ್. ಅದನ್ನು ಹರಿವಿಗೆ ಅಡ್ಡ ಇಡದೆ ದಡದ ಉದ್ದಕ್ಕೆ ಇಟ್ಟೆವು. ಹಳ್ಳದ ನೀರು ಜಾಲರಿಯನ್ನು ಸವರಿಕೊಂಡು ಮುಂದೆ ಹೋಗುತ್ತದೆ, ಮೀನೂ ದರಗೂ ಅದರ ಜೊತೆ ಸಾಗುತ್ತವೆ. ನಾಝಲ್ ಕಸದಿಂದ ಕಟ್ಟಿಕೊಳ್ಳುವುದೂ ಕಡಿಮೆಯಾಯ್ತು. ಆದರೂ ಜೂನ್ ಮಳೆಯಲ್ಲಿ ದಿನಾ ಬ್ರಷ್ ಹಿಡಿದು ಉಜ್ಜಲೇಬೇಕು. ಅರ್ಧ ಜಾಲರಿಗೆ ಎಲೆ ಕೂತರೆ ಉಳಿದರ್ಧದಲ್ಲಿ ಸೆಳೆತ ಎರಡು ಪಟ್ಟಾಗುತ್ತದೆ.

ಇನ್ನು ಹತ್ತುಮೀನು. ಮೊದಲ ಮಳೆಗೆ ಮೊಟ್ಟೆಯಿಡಲು ಮೇಲೆ ಹತ್ತುವ ಈ ಮೀನಿಗೆ, ಪೈಪಿಗೆ ನೀರು ನಿಲ್ಲಿಸಲು ಹಳ್ಳಕ್ಕೆ ಅಡ್ಡ ಹಾಕಿದ ಮೊಣಕಾಲೆತ್ತರದ ಕಟ್ಟವೂ ಗೋಡೆಯೇ ಅಲ್ವಾ? ಕಟ್ಟದ ಒಂದು ಮೂಲೆಯಲ್ಲಿ ಕಂಡಿ ಬಿಟ್ಟು, ಕೆಳಗೆ ದೊಡ್ಡ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿದೆವು. ಕಲ್ಲಿನ ಹಿಂದೆ ನೀರು ತಣ್ಣಗೆ ನಿಲ್ಲುವ ಕಡೆ ಮೀನು ಸುಧಾರಿಸಿಕೊಂಡು ಮತ್ತೆ ಹಾರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಂಡಿಯ ಮಟ್ಟ. ಅದನ್ನು ಜಾಲರಿಯ ಬುಡಕ್ಕಿಂತ ಒಂದು ಗೇಣು ಕೆಳಗೆ ಇಟ್ಟಿದ್ದೇವೆ. ಅಂದರೆ ಮೊದಲ ಪಾಲು ಹಳ್ಳಕ್ಕೆ, ಮಿಕ್ಕಿದ್ದು ಪೈಪಿಗೆ. ಹಾಗೆ ಮಾಡದಿದ್ದರೆ ಕಟ್ಟದಿಂದ ಟರ್ಬೈನ್ ಮನೆಯವರೆಗಿನ ಹಳ್ಳ ಬೇಸಿಗೆಯಲ್ಲಿ ಒಣಗಿಬಿಡುತ್ತದೆ. ಇಷ್ಟು ಸಣ್ಣ ಯಂತ್ರಕ್ಕೆ ಯಾಕಿಷ್ಟು ಅಂತ ಕೇಳುವವರಿದ್ದಾರೆ. ಒಂದೇ ಹಳ್ಳಕ್ಕೆ ಮೂರ್ನಾಲ್ಕು ಮನೆಯವರು ಪೈಪ್ ಇಳಿಸುತ್ತಾರೆ, ಎಲ್ಲರೂ ಹೀಗೇ ಅಂದುಕೊಂಡರೆ ಮೀನು ಎಲ್ಲಿಗೆ ಹೋಗಬೇಕು? ಹರಿವು ಇಳಿದಾಗ ನಮ್ಮ ಟರ್ಬೈನ್ ತಾನಾಗಿ ನಿಲ್ಲುತ್ತದೆ. ಮುಂದಿನ ಮಳೆಯವರೆಗೆ ಸೋಲಾರ್ ಸಾಕು.