ಹಳೆ ತೊಟ್ಟಿ ಮನೆಯ ಹೆಂಚಿನ ಮೇಲೆ ಸೋಲಾರ್: ನಾವು ಕೂರಿಸುವ ರೀತಿ

ಶ್ರೀರಂಗಪಟ್ಟಣದ ಕೋಟೆಯೊಳಗಾಗಲಿ, ಮೈಸೂರಿನ ಹಳೆ ಅಗ್ರಹಾರಗಳಲ್ಲಾಗಲಿ ಹೆಂಚಿನ ಮನೆಗೆ ಸೋಲಾರ್ ಹಾಕುವಾಗ ಬಿಸಿಲಿನ ಲೆಕ್ಕ ಸುಲಭ. ಕಷ್ಟವೆಲ್ಲ ಮರದ್ದು, ಮಳೆನೀರಿನದ್ದು, ಬೀದಿಗೆ ಏನು ಕಾಣುತ್ತದೆ ಅನ್ನುವುದರದ್ದು.

ಮೊದಲು ಕಾಗದ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಂಬ ನಿಲ್ಲಿಸಿ ಎತ್ತರಿಸಿದ ಚೌಕಟ್ಟನ್ನು ಹೊಸ ನಿರ್ಮಾಣ ಎಂದು ಪರಿಗಣಿಸುವ ಸಾಧ್ಯತೆ ಇದೆ. ಹಾಗಾಗಿ ಮಾಡಿಗೆ ಸಮಾನಾಂತರವಾಗಿ, ಎತ್ತರ ಹೆಚ್ಚದಂತೆ ನಕ್ಷೆ ಬರೆದು, ಬೀದಿಯಿಂದ ತೆಗೆದ ಫೋಟೋ ಜೊತೆಗಿಟ್ಟು, ಸಾಮಾನು ತರಿಸುವ ಮೊದಲೇ ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ನಂಬಿ ಹುಕ್ಕು (ಪ್ಯಾನೆಲ್ ಚೌಕಟ್ಟನ್ನು ಮಾಡಿನ ಮರಕ್ಕೆ ಹಿಡಿಸುವ ಲೋಹದ ಕೊಂಡಿ) ಹೊಡೆಯಬೇಡಿ.

ಜಾಗ ಆರಿಸುವುದರಲ್ಲಿ ತೊಟ್ಟಿ ಮನೆ ನಮಗೆ ದೊಡ್ಡ ಅನುಕೂಲ. ಬೀದಿ ದಕ್ಷಿಣಕ್ಕಿದ್ದರೆ ಮುಂದಿನ ಮಾಡು ಮುಟ್ಟುವಂತಿಲ್ಲ, ನಿಜ. ಆದರೆ ತೊಟ್ಟಿಯ ಆಚೆ, ಹಿಂಭಾಗದ ಅಂಕಣದ ಒಳಮಾಡು ಕೂಡ ದಕ್ಷಿಣಕ್ಕೇ ಇಳಿದಿರುತ್ತದೆ, ಬೀದಿಗೆ ಕಾಣುವುದಿಲ್ಲ. ಡಿಸೆಂಬರ್‌ನಲ್ಲೂ ಇಲ್ಲಿ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಮೇಲಿರುತ್ತಾನೆ. ಎದುರಿನ ಮಾಡಿನ ನೆರಳು ಬೀಳುವುದು ಬೆಳಗ್ಗೆ, ಸಂಜೆ ಮಾತ್ರ. ಉತ್ತರದ ಇಳಿಜಾರೊಂದೇ ಉಳಿದಿದ್ದರೂ ಕೈಬಿಡಬೇಕಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಚಳಿಗಾಲದ ಉತ್ಪಾದನೆ ಮಾತ್ರ ಚೆನ್ನಾಗಿಯೇ ಕುಸಿಯುತ್ತದೆ. ಅದನ್ನು ಮನೆಯವರಿಗೆ ಮೊದಲೇ ಹೇಳಿಬಿಡಬೇಕು.

540 ವ್ಯಾಟ್‌ನ ಆರು ಪ್ಯಾನೆಲ್ ಹಾಕಿದರೆ 3.24 ಕಿಲೋವ್ಯಾಟ್. ಒಂದು ಪ್ಯಾನೆಲ್ ಸುಮಾರು 28 ಕೆಜಿ; ರೈಲು (ಪ್ಯಾನೆಲ್ ಕೂರುವ ಲೋಹದ ಪಟ್ಟಿ), ಹುಕ್ಕು ಸೇರಿ ಇನ್ನೂರು ಕೆಜಿ ದಾಟುತ್ತದೆ. ಅಷ್ಟೇ ಜಾಗದ ಮಂಗಳೂರು ಹೆಂಚು ಐನೂರು ಕೆಜಿಗಿಂತ ಹೆಚ್ಚು ತೂಗುತ್ತದೆ. ಹೀಗಾಗಿ ಗಟ್ಟಿ ಮರಕ್ಕೆ ಈ ಭಾರ ದೊಡ್ಡದಲ್ಲ, ಗಾಳಿ ಕೆಳಗಿಂದ ಎತ್ತುವ ಬಲವೇ ದೊಡ್ಡದು. ಪ್ರತಿ ಪಕಾಸಿಯನ್ನೂ (ಮಾಡಿನ ಇಳಿಜಾರಿನ ಉದ್ದಕ್ಕೆ ಇರುವ ಮರ) ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡುತ್ತೇವೆ, ಅದರಲ್ಲೂ ಗೋಡೆ ಮೇಲೆ ಕೂತ ತುದಿ ಮತ್ತು ಸೂರಿನ ಕಡೆ. ಮೆತ್ತಗೆ ಒಳಹೋದರೆ ಪಕ್ಕದಲ್ಲೇ ಹೊಸ ಪಕಾಸಿ ಜೋಡಿಸಿದ ಮೇಲೇ ಮುಂದಿನ ಕೆಲಸ.

ಹೆಂಚು ಒಡೆಯುವುದೂ ಸೋರುವುದೂ ಹುಕ್ಕಿನ ಜಾಗದಲ್ಲೇ. ರೀಪರಿಗೆ (ಹೆಂಚು ಕೂರುವ ತೆಳು ಮರದ ಪಟ್ಟಿ) ಹುಕ್ಕು ಹೊಡೆಯಲೇಬಾರದು, ಗಾಳಿಗೆ ಕಿತ್ತು ಬರುತ್ತದೆ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಹುಕ್ಕು, ಪಕಾಸಿಗೆ 8 ಮಿಮೀ ದಪ್ಪ, 100 ಮಿಮೀ ಉದ್ದದ ಸ್ಟೀಲ್ ಸ್ಕ್ರೂ ಎರಡು. ಹಳೆ ತೇಗವಾದರೆ ಮೊದಲು 5.5 ಮಿಮೀ ತೂತು, ಇಲ್ಲದಿದ್ದರೆ ಮರ ಸೀಳುತ್ತದೆ. ಹುಕ್ಕು ಹೆಂಚಿನ ತಗ್ಗಿನಲ್ಲೇ ಹೊರಬರಬೇಕು. ಹಳೆ ಮನೆಗಳಲ್ಲಿ ಪಕಾಸಿಗಳ ಅಂತರ ಒಂದೇ ಸಮ ಇರುವುದಿಲ್ಲ. ತಗ್ಗಿಗೂ ಪಕಾಸಿಗೂ ಹೊಂದದ ಕಡೆ ಎರಡು ಪಕಾಸಿಗಳ ನಡುವೆ 50 ಮಿಮೀ ದಪ್ಪದ ಅಡ್ಡಪಟ್ಟಿ ಬಿಗಿಯುತ್ತೇವೆ. ಮೇಲಿನ ಹೆಂಚಿನ ಅಡಿಭಾಗವನ್ನು ಗ್ರೈಂಡರಿನಲ್ಲಿ ಹುಕ್ಕಿನಷ್ಟು ತೆಗೆದು, ಹುಕ್ಕಿನ ತೋಳಿಗೂ ಕೆಳಗಿನ ಹೆಂಚಿಗೂ ನಡುವೆ 5 ಮಿಮೀ ಬಿಡಬೇಕು. ತೋಳು ಹೆಂಚಿಗೆ ತಾಗಿತೋ, ಮೊದಲ ಬಿರುಗಾಳಿಗೇ ಬಿರುಕು. ಆಮೇಲೆ ಸಿಲಿಕೋನ್ ಮೆತ್ತಿ ಪ್ರಯೋಜನವಿಲ್ಲ. ಒಂದೇ ಸಾಲಿನ ಆರು ಪ್ಯಾನೆಲ್‌ಗೆ ಎರಡು ರೈಲು, ರೈಲಿಗೆ ಏಳರಂತೆ 14 ಹುಕ್ಕು.

ಪ್ಯಾನೆಲ್ಲಿನ ಕೆಳ ಅಂಚು ಸೂರಿನಿಂದ 30 ಸೆಂಮೀ ಹಿಂದಿರಲಿ. ಗಾಜಿನ ಮೇಲೆ ಜಾರುವ ನೀರು ಹೆಂಚಿನ ನೀರಿಗಿಂತ ರಭಸ; ಅಂಚು ಮುಂದೆ ಬಂದರೆ ಮಳೆನೀರು ಸೂರಿನ ನೀರು ಹಿಡಿಯುವ ದೋಣಿಯನ್ನೇ ಹಾರಿ ಜಗಲಿಗೆ ಬೀಳುತ್ತದೆ. ಅಡಿಯಲ್ಲಿ 10 ಸೆಂಮೀ ಗಾಳಿ ಆಡಲಿ.

ಮರದ ಮಾಡಿನ ಮೇಲೆ ಪ್ಯಾನೆಲ್ಲಿನಿಂದ ಬರುವ ಡಿಸಿ (ನೇರ ವಿದ್ಯುತ್) ವೈರು ಉದ್ದುದ್ದ ಎಳೆಯಲು ನನಗೆ ಮನಸ್ಸಿಲ್ಲ. ಇಲಿ, ಅಳಿಲು ಕಚ್ಚಿದರೆ ಹತ್ತುವ ಡಿಸಿ ಕಿಡಿ ತಾನಾಗಿ ಆರುವಂಥದ್ದಲ್ಲ. ದುಬಾರಿಯಾದರೂ ಪ್ರತಿ ಪ್ಯಾನೆಲ್ಲಿನ ಅಡಿಯಲ್ಲೇ ಡಿಸಿಯನ್ನು ಮನೆಬಳಕೆಯ ಎಸಿ ಮಾಡುವ ಮೈಕ್ರೋ ಇನ್ವರ್ಟರ್ ಒಳ್ಳೆಯದು. ನೆರಳು ಬಿದ್ದ ಪ್ಯಾನೆಲ್ ಮಿಕ್ಕವನ್ನು ಎಳೆಯುವುದೂ ತಪ್ಪುತ್ತದೆ. ಮಣ್ಣು-ಗಾರೆ ಗೋಡೆ ಕೊರೆಯದೆ, ವೈರಿನ ಪೈಪನ್ನು ಹಿತ್ತಲ ಮೂಲೆಯಲ್ಲಿ ಇಳಿಸಿ. ಇಂಥ ಮನೆಗಳ ಹಳೆ ವೈರಿಂಗಿನಲ್ಲಿ ಎಷ್ಟೋ ಸಲ ಅರ್ತ್ ಇರುವುದೇ ಇಲ್ಲ, ಅದನ್ನು ಹೊಸದಾಗಿ ಎಳೆಯಲೇಬೇಕು.

ಮನೆ ಸೋಲಾರಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ. ಪ್ಯಾನೆಲ್ ದೇಶೀಯ ಸೆಲ್ಲಿನದ್ದೇ ಆಗಿರಬೇಕು.

ಹೆಂಚು ಹತ್ತರಲ್ಲಿ ಒಂದು ಒಡೆಯುತ್ತದೆ ಎಂದೇ ಲೆಕ್ಕ ಹಿಡಿಯಿರಿ. ಹೊಸ ಹೆಂಚಿನ ಗಾಡಿ (ಒಂದಕ್ಕೊಂದು ಕೂರುವ ಕಚ್ಚು) ಹಳೆಯದಕ್ಕೆ ಕೂರುವುದಿಲ್ಲ. ಒಡೆದ ಹೆಂಚಿನ ಹಿಂಬದಿಯ ಕಾರ್ಖಾನೆ ಮುದ್ರೆ ನೋಡಿ, ಹಳೆ ಮನೆ ಸಾಮಾನು ಮಾರುವವರ ಬಳಿ ಅದೇ ಮುದ್ರೆಯದ್ದನ್ನು ಮೊದಲೇ ಹುಡುಕಿಡಿ.