ಸ್ಕ್ವೇರ್ ಬಿಡಿ, ಸರ್ಕಲ್ ಹಿಡಿಯಿರಿ: ಪಿಎಸ್2ರಲ್ಲಿ ಡ್ರ್ಯಾಗನ್ ಬಾಲ್ ಆಡುವ ಬಗೆ

‘ಡ್ರ್ಯಾಗನ್ ಬಾಲ್ ಝೀ: ಬುಡೊಕಾಯ್ ತೆಂಕಾಯ್ಚಿ 3’ ಎಂಬ ಹೊಡೆದಾಟದ ವಿಡಿಯೊ ಗೇಮ್ ಹೊರಬಂದದ್ದು 2007ರಲ್ಲಿ. ತಯಾರಿಸಿದ್ದು ಜಪಾನಿನ ಸ್ಪೈಕ್. ರೂಪಾಂತರಗಳನ್ನೂ ಲೆಕ್ಕ ಹಿಡಿದರೆ 161 ಪಾತ್ರಗಳು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಡ್ರ್ಯಾಗನ್ ಬಾಲ್ ನಾಯಕ ಗೋಕುವಿನ ಹಿಂದಿ ಕೇಳಿ ಬೆಳೆದವರು ಈಗ ಹಳೆ ಪಿಎಸ್2ರ (ಸೋನಿಯ ಪ್ಲೇಸ್ಟೇಷನ್ 2 ಕನ್ಸೋಲ್) ಧೂಳು ಕೊಡವಿ ಆಡಲು ಕೂರುತ್ತಾರೆ. ಕೂತವರು ಮಾಡುವ ತಪ್ಪು ಒಂದೇ: ಸ್ಕ್ವೇರ್ ಬಟನ್ ಕುಟ್ಟುವುದು. ಕುಟ್ಟಿದರೆ ಮೊದಲ ನಾಲ್ಕು ಪಂದ್ಯ ಗೆಲ್ಲಬಹುದು, ಐದನೆಯದರಲ್ಲಿ ಕಂಪ್ಯೂಟರ್ ಬೆನ್ನ ಹಿಂದೆ ಬಂದು ನಿಲ್ಲುತ್ತದೆ.

1. ಟೀವಿಗೆ ಜೋಡಿಸುವುದು
ಪಿಎಸ್2 ಜೊತೆ ಬರುವ ವೈರಿಗೆ ಹಳದಿ, ಬಿಳಿ, ಕೆಂಪು ಮೂರು ತುದಿ. ಹೊಸ ಟೀವಿಗಳಲ್ಲಿ ಹಳದಿ ತೂತು ಇಲ್ಲದಿದ್ದರೆ ಹಸಿರಿಗೇ ಚುಚ್ಚಬೇಕಾಗಬಹುದು. ಚಿತ್ರ ಕಪ್ಪು–ಬಿಳುಪು ಬಂದರೆ ಕನ್ಸೋಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಟೀವಿ ‘ಕಾಂಪೊನೆಂಟ್’ ಎಂದು ತಿಳಿದು ಕೂತಿರುತ್ತದೆ, ರಿಮೋಟಿನಲ್ಲಿ ‘ಎವಿ’ಗೆ ಬದಲಿಸಿ. ದುಡ್ಡು ಹಾಕುವುದಾದರೆ ಐದು ತುದಿಯ ಕಾಂಪೊನೆಂಟ್ ವೈರಿಗೇ ಹಾಕಿ. ಅದನ್ನು ಚುಚ್ಚುವ ಮೊದಲೇ, ಹಳೆ ವೈರಿನಲ್ಲಿ ಚಿತ್ರ ಕಾಣುತ್ತಿರುವಾಗ, ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗಿ ಕಾಂಪೊನೆಂಟ್ ವಿಡಿಯೊವನ್ನು ಆರ್‌ಜಿಬಿಯಿಂದ ವೈ–ಸಿಬಿ–ಸಿಆರ್‌ಗೆ ಬದಲಿಸಿಕೊಳ್ಳಿ. ಹೆಬ್ಬೆರಳ ಗಾತ್ರದ ಅಗ್ಗದ ಎಚ್‌ಡಿಎಂಐ ಅಡಾಪ್ಟರಿನಿಂದ ಪವಾಡ ನಿರೀಕ್ಷಿಸಬೇಡಿ.

ಕೊನೆಗೆ ಟೀವಿಯ ‘ಗೇಮ್ ಮೋಡ್’ ಹಾಕಿ. ಇದನ್ನು ಬಿಟ್ಟರೆ ಕೆಳಗೆ ಹೇಳುವ ಮೂರನೇ ಹಂತ ವ್ಯರ್ಥ. ಪಿಎಸ್2 ಕಳಿಸುವ ಹಳೆಯ ಮಾದರಿಯ ಚಿತ್ರವನ್ನು ಎಲ್‌ಸಿಡಿ ಟೀವಿ ತಿದ್ದಿ ತೀಡಿ ತೋರಿಸುವಷ್ಟರಲ್ಲಿ ನೀವು ಒತ್ತುವ ಕ್ಷಣ ದಾಟಿಹೋಗಿರುತ್ತದೆ. ಮನೆಯಲ್ಲಿ ಡಬ್ಬಾ ಟೀವಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ, ಈ ಆಟಕ್ಕೆ ಅದೇ ಸರಿ.

2. ಬಟನ್‌ಗಳು
ಸ್ಕ್ವೇರ್ ಹೊಡೆತ, ಟ್ರಯಾಂಗಲ್ ಶಕ್ತಿಯ ಉಂಡೆ, ಎಕ್ಸ್ ಓಟ, ಸರ್ಕಲ್ ತಡೆ. ಆರ್1 ಮೇಲಕ್ಕೆ, ಆರ್2 ಕೆಳಕ್ಕೆ. ಎಲ್2 ಹಿಡಿದಿದ್ದರೆ ‘ಕೀ’, ಅಂದರೆ ಶಕ್ತಿ, ತುಂಬುತ್ತದೆ. ಎಲ್2 ಜೊತೆ ಟ್ರಯಾಂಗಲ್ ಒತ್ತಿದರೆ ವಿಶೇಷ ಅಸ್ತ್ರ. ಬಲ ಅನಲಾಗ್ ಕಡ್ಡಿಯನ್ನು ಒಳಕ್ಕೆ ಒತ್ತಿದರೆ ರೂಪಾಂತರ.

ಮೊದಲ ವಾರ ಗೋಕುವನ್ನೇ ಆರಿಸಿ. ಮಿಸ್ಟರ್ ಸೇಟನ್‌ಗೆ ಹಾರಲು ಬರುವುದಿಲ್ಲ, ಕಲಿಯುವವರಿಗೆ ಆತ ಬೇಡ. ದೈತ್ಯ ವಾನರ ರೂಪ ಇನ್ನೂ ಬೇಡ: ಸಾಮಾನ್ಯ ಹೊಡೆತಕ್ಕೆ ಅದು ಕದಲುವುದೇ ಇಲ್ಲ, ಹಾಗಾಗಿ ತಡೆಯುವುದನ್ನು ನೀವು ಕಲಿಯುವುದೂ ಇಲ್ಲ.

3. ಮಾಯವಾಗುವುದು
ಎಲ್ಲರೂ ಮುಗ್ಗರಿಸುವುದು ಇಲ್ಲೇ. ಸರ್ಕಲ್ ಒಂದೇ ಬಟನ್, ಕೆಲಸ ಎರಡು. ಒತ್ತಿ ಹಿಡಿದರೆ ಕೈ ಅಡ್ಡ ಹಿಡಿದು ತಡೆ. ಹೊಡೆತ ತಾಗುವ ಕ್ಷಣಕ್ಕೆ ಸರಿಯಾಗಿ ಒಮ್ಮೆ ತಟ್ಟಿದರೆ ನಿಮ್ಮ ಪಾತ್ರ ಮಾಯವಾಗಿ ಎದುರಾಳಿಯ ಬೆನ್ನ ಹಿಂದೆ ಕಾಣಿಸಿಕೊಳ್ಳುತ್ತದೆ.

ಎದುರಾಳಿ ಸ್ಕ್ವೇರ್ ಒತ್ತಿ ಹಿಡಿದಾಗ ಅವನ ಮೈ ಕ್ಷಣಕಾಲ ಬಿಗಿಯುತ್ತದೆ, ತೋಳು ಹಿಂದೆ ಹೋಗುತ್ತದೆ. ಹೊಸಬರು ಆ ತೋಳನ್ನು ಕಂಡ ತಕ್ಷಣ ಸರ್ಕಲ್ ಒತ್ತಿಬಿಡುತ್ತಾರೆ. ಅದು ಬರೀ ತಡೆಯಾಗುತ್ತದೆ, ಪೂರ್ತಿ ಬಿಗಿಹಿಡಿದ ಹೊಡೆತ ಆ ತಡೆಯನ್ನೂ ಒಡೆಯುತ್ತದೆ. ತೋಳು ಹಿಂದೆ ಹೋಗುವಾಗ ಸುಮ್ಮನಿರಿ. ಮುಂದೆ ಬಂದು ಮುಷ್ಟಿ ಮೈ ಮುಟ್ಟುವಾಗ ತಟ್ಟಿ. ನಿಮ್ಮನ್ನು ಗಾಳಿಗೆ ಹಾರಿಸಿ ಬೆನ್ನಟ್ಟಿ ಬಂದು ಮತ್ತೆ ಹೊಡೆಯುವಾಗಲೂ ಇದೇ ಲೆಕ್ಕ.

ಅವನೂ ಅದೇ ರೀತಿ ಮಾಯವಾಗಿ ನಿಮ್ಮ ಹಿಂದೆ ಬರಬಹುದು. ಆಗ ನೀವು ಮತ್ತೆ. ಒಬ್ಬರ ಕ್ಷಣ ತಪ್ಪುವವರೆಗೆ, ಇಲ್ಲವೇ ಕೀ ಮುಗಿಯುವವರೆಗೆ ಇದು ನಡೆಯುತ್ತದೆ. ಹೌದು, ಪ್ರತಿ ಮಾಯಕ್ಕೂ ಕೀ ಖರ್ಚು. ‘ಸರಿಯಾಗೇ ಒತ್ತಿದೆ, ಆಗಲಿಲ್ಲ’ ಎನ್ನುವವರು ಪರದೆಯ ಮೂಲೆಯ ಹಳದಿ ಪಟ್ಟಿ ನೋಡಲಿ. ಇದ್ದ ಕೀಯನ್ನೆಲ್ಲ ಗೋಕುವಿನ ವಿಶೇಷ ಅಸ್ತ್ರ ಕಾಮೆಹಾಮೆಹಾಗೆ ಸುರಿದಿದ್ದರೆ ಮಾಯವಾಗಲು ಏನು ಉಳಿದಿರುತ್ತದೆ?

ಕಲಿಯಲು ಎರಡು ಕಂಟ್ರೋಲರ್ ಬೇಕು. ಇಬ್ಬರು ಎದುರುಬದುರು ಆಡುವ ‘ಡ್ಯುಯೆಲ್‌’ನಲ್ಲಿ ಗೆಳೆಯ ಬಿಗಿಹೊಡೆತ ಮಾತ್ರ ಹೊಡೆಯಲಿ, ನೀವು ಸರ್ಕಲ್ ಮಾತ್ರ ತಟ್ಟಿ. ಇಪ್ಪತ್ತರಲ್ಲಿ ಹತ್ತು ಸಿಕ್ಕರೆ ಜಾಗ ಬದಲಿಸಿಕೊಳ್ಳಿ. ತಾನೇ ಪಟಪಟ ಒತ್ತುವ ‘ಟರ್ಬೊ’ ಕಂಟ್ರೋಲರ್ ಕೊಂಡು ಅಡ್ಡದಾರಿ ಹಿಡಿದರೆ ಕಣ್ಣಿಗೆ ಲಯ ಹತ್ತುವುದಿಲ್ಲ. ಅಗ್ಗದ ನಕಲಿ ಕಂಟ್ರೋಲರ್‌ಗಳ ಅನಲಾಗ್ ಕಡ್ಡಿಯೂ ಬೇಗ ಸಡಿಲ. ಬಳಸಿದ್ದಾದರೂ ಸರಿ, ಅಸಲಿ ಡ್ಯುಯಲ್‌ಶಾಕ್ 2 ಹುಡುಕಿ.

4. ಮ್ಯಾಕ್ಸ್ ಪವರ್
ಕೀ ಪಟ್ಟಿ ತುಂಬಿದ ಮೇಲೂ ಎಲ್2 ಬಿಡಬೇಡಿ. ನೀಲಿ ಬಣ್ಣ ತುಂಬಿ ಮ್ಯಾಕ್ಸ್ ಪವರ್ ಬರುತ್ತದೆ. ಆಗ ಎಲ್2, ಕೆಳಗಿನ ದಿಕ್ಕು, ಟ್ರಯಾಂಗಲ್ ಒಟ್ಟಿಗೆ ಒತ್ತಿದರೆ ಪಾತ್ರದ ಕೊನೆಯ ಅಸ್ತ್ರ. ತುಂಬಿಸುವಾಗ ಮೈ ಬಯಲಿನಲ್ಲಿರುತ್ತದೆ, ಆದ್ದರಿಂದ ಎದುರಾಳಿಯನ್ನು ದೂರ ಎಸೆದ ಮೇಲೆ ಅಥವಾ ಗುಡ್ಡದ ಹಿಂದೆ ನುಸುಳಿದ ಮೇಲೆ ಮಾತ್ರ. ಕಣ್ಣಿಗೆ ಬೀಳದವನನ್ನು ಅವನು ಎಲ್1 ಒತ್ತಿ ಹುಡುಕಬೇಕು. ಆ ಕೆಲವು ಸೆಕೆಂಡು ನಿಮ್ಮದು. ಅಸ್ತ್ರವನ್ನು ದೂರದಿಂದ ಬಿಡಬೇಡಿ, ಎಕ್ಸ್ ಒತ್ತಿ ಪಕ್ಕಕ್ಕೆ ಸರಿಯುತ್ತಾನೆ. ಹೊಡೆದು ಹಾರಿಸಿ, ಅವನು ಸುಧಾರಿಸಿಕೊಳ್ಳುವ ಮೊದಲೇ ಬಿಡಿ.

5. ಉಳಿಸಿಕೊಳ್ಳುವುದು
ಶುರುವಿನಲ್ಲಿ ಎಲ್ಲ ಪಾತ್ರಗಳೂ ಸಿಗುವುದಿಲ್ಲ. ಕಥೆಯ ಭಾಗವಾದ ‘ಡ್ರ್ಯಾಗನ್ ಹಿಸ್ಟರಿ’ ಆಡುತ್ತ ಹೋದಂತೆ ಬೀಗ ತೆರೆಯುತ್ತವೆ. ಇದಕ್ಕೆ ಸೋನಿಯದೇ 8 ಎಂಬಿ ಮೆಮೊರಿ ಕಾರ್ಡ್ ಸಾಕು. 128 ಎಂಬಿ ಎಂದು ಬರೆದುಕೊಂಡು ಬರುವ ಹೆಸರಿಲ್ಲದ ಕಾರ್ಡನ್ನು ನಂಬಿ ಗಳಿಸಿದ ಪಾತ್ರಗಳನ್ನು ಒಪ್ಪಿಸಬೇಡಿ. ಸೇವ್ ಆಗುತ್ತಿದೆ ಎಂಬ ಸಾಲು ಪರದೆಯಿಂದ ಹೋಗುವವರೆಗೆ ಕಾರ್ಡನ್ನೂ ಸ್ವಿಚ್ಚನ್ನೂ ಮುಟ್ಟಬೇಡಿ.