ಹಳೇ ರೇಡಿಯೋದ ಎಸಿ128 ಟ್ರಾನ್ಸಿಸ್ಟರ್‌ನಲ್ಲಿ ಫಜ್ ಫೇಸ್ ಗಿಟಾರ್ ಪೆಡಲ್ ಕಟ್ಟಿದೆ, ಬೇಸಿಗೆಯನ್ನೂ ತಡೆದುಕೊಂಡಿತು

"ಜರ್ಮೇನಿಯಂ ಫಜ್ ನಮ್ಮ ಬಿಸಿಲಿಗೆ ಆಗಲ್ಲ ಬಿಡು" ಎಂದು ನನಗೆ ಹೇಳದ ಗಿಟಾರಿಸ್ಟ್ ಇಲ್ಲ. ಬೆಂಗಳೂರಿನವರು ಹೇಳಿದರು. ಕೆಜಿಎಫ್‌ನ ಹಳೇ ವಾದಕರು ಹೇಳಿದರು. ನಮ್ಮ ತಂಡದ ಕೀಬೋರ್ಡ್‌ನವರೂ ಹೇಳಿದರು. ಫಜ್ ಅಂದರೆ ಗಿಟಾರ್ ದನಿಯನ್ನು ಒಡೆದು ಗರಗರ ಮಾಡುವ ಕಾಲ್‌ಪೆಡಲ್. ಅದರಲ್ಲಿ ಹಳೇ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿದರೆ ಬಿಸಿಗೆ ದನಿ ಕೆಡುತ್ತದೆ ಎನ್ನುವುದು ಅವರ ಮಾತು. ಈಗ ನನ್ನ ಪೆಡಲ್ ಎರಡು ಬೇಸಿಗೆ ದಾಟಿದೆ. ಕರಗ ಉತ್ಸವದ ಸೀಸನ್, ತಗಡು ಹೊದಿಸಿದ ಸ್ಟೇಜ್, ಮಧ್ಯಾಹ್ನ ಮೂರು ಗಂಟೆಗೆ ಸೌಂಡ್ ಚೆಕ್. ಆಗಲೂ ಅದೇ ದನಿ, ರಾತ್ರಿ ಒಂದು ಗಂಟೆಗೂ ಅದೇ ದನಿ. ಅದಕ್ಕೇ ಬರೆಯಲು ಕೂತಿದ್ದೇನೆ.

ಫಜ್ ಫೇಸ್‌ನ ಸರ್ಕ್ಯೂಟ್ ಗಿಟಾರಿಸ್ಟ್‌ಗಳಿಗೆಲ್ಲ ಗೊತ್ತಿರುವುದೇ. 1966ರಲ್ಲಿ ಲಂಡನ್‌ನಲ್ಲಿ ಬಂದ ದುಂಡು ಡಬ್ಬಿ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪ್ಯಾಸಿಟರ್, ಎರಡು ಪಾಟ್ (ತಿರುಗಿಸುವ ಗುಂಡಿ). ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಕಾಲ ಕೆಳಗೆ ಇದ್ದದ್ದೂ ಇಷ್ಟೇ ಸಾಮಾನು. ಇಷ್ಟು ಸಣ್ಣ ಸರ್ಕ್ಯೂಟ್ ಇಷ್ಟು ಹಟ ಮಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ನನಗೆ ಜರ್ಮೇನಿಯಮ್ಮೇ ಬೇಕಿತ್ತು, ಅದಕ್ಕೆ ಕಾರಣ ನಮ್ಮ ಕೆಲಸ. ನಾನು ರಸಮಂಜರಿ ತಂಡದಲ್ಲಿ ನುಡಿಸುವವನು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಬಂಗಾರಪೇಟೆ ಎಲ್ಲ ಸುತ್ತುತ್ತೇವೆ. ಗಣಪತಿ ಹಬ್ಬದಿಂದ ರಾಜ್ಯೋತ್ಸವದ ತನಕ ಬಿಡುವಿಲ್ಲ. ಎಪ್ಪತ್ತರ ದಶಕದ ಹಾಡು ಬಂದರೆ ಪಲ್ಲವಿಗೆ ಕ್ಲೀನ್, ಅಂದರೆ ಒಡಕಿಲ್ಲದ, ರಿದಮ್ ಬೇಕು, ಮಧ್ಯದ ಬಿಜಿಎಂಗೆ ಫಜ್ ಬೇಕು. ಕಾಲಲ್ಲಿ ಸ್ವಿಚ್ ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ. ಒಳ್ಳೆಯ ಜರ್ಮೇನಿಯಂ ಫಜ್ ಆನ್ ಮಾಡಿಟ್ಟು ಗಿಟಾರ್ ವಾಲ್ಯೂಮ್ ಹತ್ತರಿಂದ ಆರಕ್ಕೆ ಇಳಿಸಿದರೆ ಸಾಕು, ಕ್ಲೀನ್ ಬರುತ್ತದೆ. ಅದೂ ಆಂಪ್‌ನ ಕ್ಲೀನ್‌ಗಿಂತ ಚೆಂದ. ಮತ್ತೆ ಹತ್ತಕ್ಕೆ ಏರಿಸಿದರೆ ಲೀಡ್. ಆಮೇಲೆ ಬಂದ ಸಿಲಿಕಾನ್ ಟ್ರಾನ್ಸಿಸ್ಟರ್‌ನಲ್ಲಿ ಇದು ಅರ್ಧ ಮಾತ್ರ ಬರುತ್ತದೆ.

ಮೊದಲು ದುಡ್ಡು ಹೋದ ಕಥೆ. ಆನ್‌ಲೈನ್‌ನಲ್ಲಿ ಒಂದು ಜೋಡಿ ಎನ್‌ಕೆಟಿ275 ಜರ್ಮೇನಿಯಂ ಟ್ರಾನ್ಸಿಸ್ಟರ್ ತರಿಸಿದೆ. ಸುಮಾರು 3,500 ರೂಪಾಯಿ, ಕಸ್ಟಮ್ಸ್ ಬೇರೆ. ಬೆರಳಲ್ಲಿ ಉಜ್ಜಿದರೆ ನಂಬರ್ ಅಳಿಸಿ ಬಂತು. ಒಂದರ ಲೀಕೇಜ್ (ಸುಮ್ಮನೆ ಸೋರುವ ಕರೆಂಟ್) 400 ಮೈಕ್ರೋ ಆಂಪಿಯರ್ ದಾಟಿತ್ತು, ಇನ್ನೊಂದಕ್ಕೆ ಗೇನೇ (ಸಿಗ್ನಲ್ ಹಿಗ್ಗಿಸುವ ಶಕ್ತಿ) ಇಲ್ಲ. ಮಾರಿದವರು ಉತ್ತರ ಕೊಡಲಿಲ್ಲ. ಹೊಸ ಬ್ರ್ಯಾಂಡೆಡ್ ಪೆಡಲ್ ತರಿಸೋಣ ಎಂದರೆ ಹದಿನೈದು ಸಾವಿರದ ಮೇಲೆ. ಒಂದು ಪ್ರೋಗ್ರಾಂಗೆ ಎರಡು ಸಾವಿರ ಸಿಗುವವನಿಗೆ ಅದು ಆಗುವ ಮಾತಲ್ಲ.

ಆಗ ನೆನಪಾದದ್ದು ಹಳೇ ರೇಡಿಯೋಗಳು. ಫಜ್ ಫೇಸ್ ಶುರುವಿನ ಡಬ್ಬಿಗಳಲ್ಲಿ ಎನ್‌ಕೆಟಿ275 ಜೊತೆಗೆ ಎಸಿ128ನೂ ಹಾಕುತ್ತಿದ್ದರು. ಎಸಿ128 ನಮ್ಮ ಮನೆಯದೇ ವಸ್ತು ಅಲ್ವಾ! ಜಾಲಹಳ್ಳಿಯ ಬಿಇಎಲ್‌ನವರು 1962ರಲ್ಲೇ ಜರ್ಮೇನಿಯಂ ಸಾಮಾನು ಮಾಡಲು ಶುರು ಮಾಡಿದರು. ನಮ್ಮ ಊರುಗಳ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದರೆ ಔಟ್‌ಪುಟ್‌ನಲ್ಲಿ ಜೋಡಿ ಎಸಿ128 ಕೂತಿರುತ್ತಿತ್ತು, ತಗಡಿನ ಕ್ಲಿಪ್ ಸಮೇತ.

ರಾಬರ್ಟ್‌ಸನ್‌ಪೇಟೆಯ ಒಬ್ಬ ಹಿರಿಯ ರೇಡಿಯೋ ಮೆಕ್ಯಾನಿಕ್ ಹತ್ತಿರ ಬಿಸ್ಕೆಟ್ ಡಬ್ಬಿ ತುಂಬ ಇತ್ತು.

"ಇದನ್ನ ಯಾರಪ್ಪ ಕೇಳ್ತಾರೆ ಈಗ? ಗುಜರಿಗೆ ಹಾಕೋಣ ಅಂತಿದ್ದೆ" ಎಂದರು.

"ಗಿಟಾರ್‌ಗೆ ಬೇಕು ತಾತ" ಎಂದೆ.

"ಗಿಟಾರ್ ಒಳಗೆ ರೇಡಿಯೋ ಇಡ್ತೀಯಾ?" ಎಂದು ನಕ್ಕು, ಒಂದಕ್ಕೆ ಹತ್ತು ರೂಪಾಯಿಯಂತೆ ಕೊಟ್ಟರು. ಆಮೇಲೆ ನಾನು ಪದೇ ಪದೇ ಹೋಗುವುದು ನೋಡಿ ಮೂವತ್ತು ಮಾಡಿದರು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅದೇ ಮಾಲಿಗೆ ನೂರರ ಮೇಲೆ ಕೇಳುತ್ತಾರೆ, ಆರಿಸಲೂ ಬಿಡುವುದಿಲ್ಲ. ಈಗ ನನಗೆ ಮಾಲು ಇನ್ನೊಂದು ಕಡೆಯಿಂದ ಬರುತ್ತದೆ. ಆ ಅಂಗಡಿ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.

ನೂರಕ್ಕೂ ಜಾಸ್ತಿ ಅಳೆದಿದ್ದೇನೆ. ಮಲ್ಟಿಮೀಟರ್‌ನಲ್ಲಿ ಗೇನ್ ಅಳೆಯುವ ಎಚ್‌ಎಫ್‌ಇ ಸಾಕೆಟ್ ನಂಬಲೇಬೇಡಿ. ಲೀಕೇಜನ್ನೂ ಗೇನ್‌ಗೆ ಸೇರಿಸಿ ತೋರಿಸುತ್ತದೆ. ಸಾಕೆಟ್ 180 ಎಂದದ್ದು ನಿಜವಾಗಿ 80 ಇರುತ್ತದೆ. ಟ್ರಾನ್ಸಿಸ್ಟರ್‌ನ ಬೇಸ್ ಎನ್ನುವ ಕಾಲು ಬಿಟ್ಟು ಒಮ್ಮೆ ಕರೆಂಟ್ ಅಳೆಯಿರಿ, ಬೇಸ್‌ಗೆ 2.2 ಮೆಗಾ ಓಮ್ ಕೊಟ್ಟು ಇನ್ನೊಮ್ಮೆ ಅಳೆಯಿರಿ, ಮೊದಲಿನದನ್ನು ಕಳೆಯಿರಿ. ಕೈಯಲ್ಲಿ ಹಿಡಿದರೆ ಬೆರಳಿನ ಬಿಸಿಗೇ ಲೀಕೇಜ್ ಏರುತ್ತದೆ, ಅದಕ್ಕೆ ಚುಚ್ಚಿ ಎರಡು ನಿಮಿಷ ಕಾಯಬೇಕು. ನನ್ನ ರಾಶಿಯಲ್ಲಿ ಅರ್ಧ ಕಸ. ಉಳಿದದ್ದರಲ್ಲಿ ಸರ್ಕ್ಯೂಟ್‌ನ ಮೊದಲ ಟ್ರಾನ್ಸಿಸ್ಟರ್ ಕ್ಯೂ1ಗೆ ಆಗುವಂಥವು, ಅಂದರೆ ಗೇನ್ 70ರಿಂದ 85, ಲೀಕೇಜ್ 70 ಮೈಕ್ರೋ ಒಳಗೆ, ಇಪ್ಪತ್ತು ಸಿಕ್ಕಿರಬಹುದು. ಎರಡನೆಯದಾದ ಕ್ಯೂ2ಗೆ ಗೇನ್ 110ರಿಂದ 130ರವು ಅದಕ್ಕಿಂತ ಕಡಿಮೆ.

ಡಿಸೆಂಬರ್‌ನಲ್ಲಿ ಮೊದಲನೆಯದು ಕಟ್ಟಿದೆ. ಕ್ಯೂ2ರ ಕಲೆಕ್ಟರ್ ಕಾಲಿನಲ್ಲಿ ಸರಿಯಾಗಿ ನಾಲ್ಕೂವರೆ ವೋಲ್ಟ್, ಅಂದರೆ ಬ್ಯಾಟರಿಯ ಅರ್ಧ. ಕೋಲಾರದ ಅಂತರಗಂಗೆ ಬೆಟ್ಟದ ಕಡೆಯಿಂದ ಬರುವ ಆ ಚಳಿಯಲ್ಲಿ ಎಂಥಾ ದನಿ! ಮಾರ್ಚ್‌ನಲ್ಲಿ ಅದೇ ಪೆಡಲ್ ಉಗುಳುವುದಕ್ಕೆ ಶುರು ಮಾಡಿತು. ನೋಟು ಹಿಡಿದರೆ ಅರ್ಧಕ್ಕೇ ಕಟ್. ಅಳೆದರೆ ಏಳು ವೋಲ್ಟ್.

ಯಾಕೆ ಅಂತ ಲೆಕ್ಕ ಹಾಕಿದರೆ ಸುಲಭ. ಕ್ಯೂ1ರ 33 ಕೆ (ಕಿಲೋ ಓಮ್) ರೆಸಿಸ್ಟರ್ ಮೂಲಕ ಹರಿಯುವುದೇ ಸುಮಾರು 250 ಮೈಕ್ರೋ ಆಂಪಿಯರ್. ಜರ್ಮೇನಿಯಂ ಲೀಕೇಜ್ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. 25 ಡಿಗ್ರಿಯಲ್ಲಿ 60 ಇದ್ದದ್ದು 35ರಲ್ಲಿ 120, 45ರಲ್ಲಿ 240. ಬಿಸಿಲು ಬಿದ್ದ ಕಬ್ಬಿಣದ ಡಬ್ಬಿಯೊಳಗೆ 45 ಏನೂ ದೊಡ್ಡ ಮಾತಲ್ಲ. ಇರುವ ಕರೆಂಟನ್ನೆಲ್ಲ ಲೀಕೇಜೇ ನುಂಗಿದರೆ ಟ್ರಾನ್ಸಿಸ್ಟರ್‌ಗೆ ಏನು ಉಳಿಯಿತು?

ಮೊದಲು ಕ್ಯೂ2 ಕಲೆಕ್ಟರ್‌ನ 8.2 ಕೆ ರೆಸಿಸ್ಟರ್ ಬದಲು ತಿರುಗಿಸಿ ಹೊಂದಿಸುವ ಟ್ರಿಮ್‌ಪಾಟ್ ಹಾಕಿ, ಅದಕ್ಕೆ ನಾಬ್ ಕೊಟ್ಟು ಹೊರಗೆ ತಂದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಮನೆಯಲ್ಲಿ ಸರಿ, ಸ್ಟೇಜ್ ಮೇಲೆ ಹಾಡಿಗೊಮ್ಮೆ ಬಗ್ಗಿ ತಿರುಗಿಸುವುದು ಯಾರಿಗೆ ಬೇಕು? ಆಮೇಲೆ ಡಬ್ಬಿಯೊಳಗೆ ಥರ್ಮಾಕೋಲ್ ತುಂಬಿದೆ. ಬಿಸಿ ಅರ್ಧ ಗಂಟೆ ತಡವಾಗಿ ಬಂತು, ಅಷ್ಟೇ. ಕ್ಯೂ1ಗೆ ಬಿಸಿ557 ಎನ್ನುವ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿ, ಕ್ಯೂ2ರಲ್ಲಿ ಮಾತ್ರ ಜರ್ಮೇನಿಯಂ ಇಟ್ಟು ನೋಡಿದೆ. ಬಿಸಿಲಿಗೆ ಅಲುಗಾಡಲಿಲ್ಲ. ಸುಮಾರು ಜನಕ್ಕೆ ಇದೇ ಸಾಕು, ತಪ್ಪೇನಿಲ್ಲ. ಆದರೆ ವಾಲ್ಯೂಮ್ ಇಳಿಸಿದಾಗ ಬರುವ ಆ ಕ್ಲೀನ್ ಇತ್ತಲ್ಲ, ಅದು ಹೋಯಿತು. ಅದೇ ಹೋದರೆ ಇಷ್ಟೆಲ್ಲ ಯಾಕೆ?

ಕೊನೆಗೆ ಕೆಲಸ ಮಾಡಿದ್ದು ಕಸದ ರಾಶಿ. ಲೀಕ್ ಜಾಸ್ತಿ ಎಂದು ಎಸೆದಿದ್ದ ಎಸಿ128 ಒಂದನ್ನು ತೆಗೆದುಕೊಂಡೆ. ಅದರ ಒಂದು ಜಂಕ್ಷನ್, ಅಂದರೆ ಮೂರರಲ್ಲಿ ಎರಡೇ ಕಾಲು, ಮಾತ್ರ ಡಯೋಡ್ ಥರ ಬಳಸಿ, ಕ್ಯೂ1ರ ಬೇಸ್‌ಗೂ ಗ್ರೌಂಡ್‌ಗೂ ಮಧ್ಯೆ ಉಲ್ಟಾ ಹಾಕಿದೆ. ಕ್ಯಾಥೋಡ್ ಗ್ರೌಂಡ್ ಕಡೆ. ಕ್ಯೂ1ರ ಬೇಸ್‌ನಿಂದ ಲೀಕ್ ಆಗುವ ಕರೆಂಟನ್ನು ಈ ಜಂಕ್ಷನ್ ತನ್ನ ಲೀಕೇಜ್‌ನಿಂದಲೇ ತುಂಬಿಕೊಡುತ್ತದೆ. ಬಿಸಿ ಏರಿದರೆ ಎರಡೂ ಒಟ್ಟಿಗೆ ಏರುತ್ತವೆ, ಇಳಿದರೆ ಒಟ್ಟಿಗೆ ಇಳಿಯುತ್ತವೆ. ಎರಡರ ಮೈಯೂ ತಾಗುವ ಹಾಗೆ ಹೀಟ್ ಸಿಂಕ್ ಪೇಸ್ಟ್ ಹಚ್ಚಿ, ಹೀಟ್ ಶ್ರಿಂಕ್ ಟ್ಯೂಬ್ ಒಳಗೆ ಬಿಗಿದೆ. ಒಂದೇ ಕಂಬಳಿಯಲ್ಲಿ ಮಲಗಿದ ಅಣ್ಣತಮ್ಮಂದಿರ ಹಾಗೆ ಒಂದೇ ಬಿಸಿ ಇರಬೇಕು, ಅದೇ ಮುಖ್ಯ.

ಇಲ್ಲೂ ಸುಮ್ನೆ ಯಾವುದೋ ಒಂದನ್ನು ಹಾಕಿದರೆ ಆಗಲ್ಲ. ಲೀಕ್ ತುಂಬಾ ಜಾಸ್ತಿ ಇರುವುದು ಬಿದ್ದರೆ ಬಿಸಿಗೆ ವೋಲ್ಟೇಜ್ ಏರುವ ಬದಲು ಇಳಿಯುತ್ತದೆ. ಒಂದು ಬೋರ್ಡ್‌ನಲ್ಲಿ ಮೂರು ವೋಲ್ಟ್‌ಗೆ ಇಳಿದು ದನಿ ದಪ್ಪ ಆಯಿತು. ಹೇರ್ ಡ್ರೈಯರ್ ಹಿಡಿದು, ಮೀಟರ್ ನೋಡುತ್ತಾ, ಒಂದೊಂದೇ ಬದಲಿಸಬೇಕು. ಯಾವ ಎರಡು ಕಾಲು ಬಳಸಬೇಕು, ಅದರ ಜೊತೆ ಸರಣಿಯಲ್ಲಿ ನಾನು ಏನು ಹಾಕುತ್ತೇನೆ ಎನ್ನುವುದನ್ನು ಇಲ್ಲಿ ಬಿಟ್ಟಿದ್ದೇನೆ. ಕೂತು ಅಳೆಯುವವರಿಗೆ ಒಂದು ಭಾನುವಾರದಲ್ಲಿ ಸಿಗುತ್ತದೆ. ಈಗ ನನ್ನ ಪೆಡಲ್‌ನಲ್ಲಿ 20 ಡಿಗ್ರಿಯಿಂದ 45ರವರೆಗೆ ಕಲೆಕ್ಟರ್ ವೋಲ್ಟೇಜ್ ಅರ್ಧ ವೋಲ್ಟ್ ಕೂಡ ಆಚೀಚೆ ಹೋಗುವುದಿಲ್ಲ. ಇದನ್ನು ನಮ್ಮ ಕಡೆ ಬೇರೆ ಯಾರೂ ಮಾಡಿ ತೋರಿಸಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ನಡುವೆ ಬೇರೆ ಆಟಗಳೂ ನಡೆದವು. ಅದೇ ಬಿಸ್ಕೆಟ್ ಡಬ್ಬಿಯಲ್ಲಿ ಗಾಜಿನ ಮೈಯ ಒಸಿ71 ಜರ್ಮೇನಿಯಂ ಟ್ರಾನ್ಸಿಸ್ಟರ್ ಕೆಲವು ಇದ್ದವು, ಕಪ್ಪು ಬಣ್ಣ ಬಳಿದವು. ಒಂದರ ಬಣ್ಣ ಸ್ವಲ್ಪ ಕಿತ್ತಿತ್ತು. ಅದನ್ನು ಬೋರ್ಡ್‌ಗೆ ಹಾಕಿದರೆ ಟ್ಯೂಬ್‌ಲೈಟ್ ಕೆಳಗೆ ಗುಂಯ್ ಎನ್ನುತ್ತದೆ, ಕೈ ಅಡ್ಡ ಇಟ್ಟರೆ ನಿಲ್ಲುತ್ತದೆ. ಬೆಳಕು ಒಳಗೆ ಹೋದರೆ ಜರ್ಮೇನಿಯಂ ಅದನ್ನೂ ಕೇಳಿಸಿಕೊಳ್ಳುತ್ತದೆ. ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು.

ಬಿಇಎಲ್‌ನ ಬಿಸಿ108 ಟ್ರಾನ್ಸಿಸ್ಟರ್ ಹಾಕಿ ಸಿಲಿಕಾನ್ ಒಂದನ್ನೂ ಕಟ್ಟಿದೆ. ಗೇನ್ ಜೋರು, ದನಿ ಚೂಪು. ಗಿಟಾರ್ ಕೇಬಲ್ ಉದ್ದ ಹಾಕಿದರೆ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಸಣ್ಣಗೆ ಕೇಳುತ್ತಿತ್ತು, ಪ್ರದೇಶ ಸಮಾಚಾರ ಸಮೇತ. ಬೇಸ್ ಮತ್ತು ಕಲೆಕ್ಟರ್ ನಡುವೆ 47 ಪಿಕೋ ಹಾಕಿದ ಮೇಲೆ ನಿಂತಿತು. ಹೆವಿ ಮೆಟಲ್ ನುಡಿಸುವ ಕಾಲೇಜು ಹುಡುಗ ಒಬ್ಬ ಅದನ್ನೇ ಕೇಳಿ ತೆಗೆದುಕೊಂಡು ಹೋದ.

ಇನ್ನೊಂದು ಹೆಸರಾದ ಫಜ್ ಪೆಡಲ್ ಬಿಗ್ ಮಫ್ ಯಾಕೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. ಮಾಡಿದ್ದೇನೆ. 1969ರ ಡಿಸೈನ್, ನಾಲ್ಕು ಟ್ರಾನ್ಸಿಸ್ಟರ್, ಎಲ್ಲ ಸಿಲಿಕಾನ್, ಬಿಸಿಲಿನ ಚಿಂತೆಯೇ ಇಲ್ಲ. ಒಬ್ಬನೇ ಕೂತು ನುಡಿಸಿದರೆ ಸ್ವರ್ಗ. ಆದರೆ ಅದರ ಟೋನ್ ಸರ್ಕ್ಯೂಟ್ ಮಧ್ಯದ ಫ್ರೀಕ್ವೆನ್ಸಿಯನ್ನೇ ಕೆತ್ತಿ ತೆಗೆಯುತ್ತದೆ. ಎರಡು ಕೀಬೋರ್ಡ್, ರಿದಮ್ ಪ್ಯಾಡ್, ತಬಲಾ, ಡೋಲಕ್ ಎಲ್ಲ ಸೇರಿದಾಗ ಗಿಟಾರ್ ಮಾಯ. ನಮ್ಮ ರಸಮಂಜರಿಗೆ ಫಜ್ ಫೇಸೇ ಸರಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಇನ್ನೊಂದು ತಲೆನೋವು ವೈರ್‌ಲೆಸ್. ಫಜ್ ಫೇಸ್‌ಗೆ ಗಿಟಾರ್‌ನ ಪಿಕಪ್ (ತಂತಿಯ ದನಿ ಹಿಡಿಯುವ ಸುರುಳಿ) ನೇರ ಕಾಣಬೇಕು. ಮಧ್ಯೆ ಬಫರ್ ಸರ್ಕ್ಯೂಟೋ ವೈರ್‌ಲೆಸ್ಸೋ ಬಂದರೆ ದನಿ ಕರ್ಕಶ, ವಾಲ್ಯೂಮ್ ಇಳಿಸಿದರೂ ಕ್ಲೀನ್ ಆಗಲ್ಲ. ಇದಕ್ಕೂ ರೇಡಿಯೋನೇ ಕೈಹಿಡಿಯಿತು. ಅದರ ಡ್ರೈವರ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಸುತ್ತನ್ನು, ಒಂದು ರೆಸಿಸ್ಟರ್ ಜೊತೆ, ಇನ್‌ಪುಟ್‌ಗೆ ಸರಣಿಯಲ್ಲಿ ಕೊಟ್ಟರೆ ಪೆಡಲ್‌ಗೆ ಅದೇ ಪಿಕಪ್ ಅನ್ನಿಸುತ್ತದೆ. ರೆಸಿಸ್ಟರ್ ಎಷ್ಟು ಎನ್ನುವುದು ಟ್ರಾನ್ಸ್‌ಫಾರ್ಮರ್ ಮೇಲೆ ಹೋಗುತ್ತದೆ, ನನ್ನದರಲ್ಲಿ 10 ಕೆ ಆಸುಪಾಸು.

ಅಡಾಪ್ಟರ್ ವಿಷಯದಲ್ಲಿ ಹುಷಾರು. ಎಸಿ128 ಪಿಎನ್‌ಪಿ ಜಾತಿಯ ಟ್ರಾನ್ಸಿಸ್ಟರ್ ಆದ್ದರಿಂದ ಪಾಸಿಟಿವ್ ಗ್ರೌಂಡ್, ಅಂದರೆ ಬ್ಯಾಟರಿಯ ಪ್ಲಸ್ ಗ್ರೌಂಡ್‌ಗೆ; ಬೇರೆ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಮೈನಸ್. ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್ ಹಂಚಿದರೆ ಶಾರ್ಟ್. ನಾನು ಡಿಸಿ ಸಾಕೆಟ್ಟೇ ಕೊಡುವುದಿಲ್ಲ. ಒಂದು ಮಿಲಿ ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ, ಮೂವತ್ತು ರೂಪಾಯಿಯ ಮಾಮೂಲಿ 9 ವೋಲ್ಟ್ ಬ್ಯಾಟರಿ ಸೀಸನ್ ಪೂರ್ತಿ ಬರುತ್ತದೆ, ಜ್ಯಾಕ್ ಕಿತ್ತಿಟ್ಟರೆ.

ಖರ್ಚು ನೆನಪಿನಲ್ಲಿ ಇರುವಷ್ಟು ಹೇಳುತ್ತೇನೆ. ಅಲ್ಯೂಮಿನಿಯಂ ಡಬ್ಬಿ 400. ಶುರುವಿನಲ್ಲಿ ಮನೆ ವೈರಿಂಗ್‌ನ ಎಂಎಸ್ ಬಾಕ್ಸ್ ಹಾಕಿದ್ದೆ, 60 ರೂಪಾಯಿಗೆ ಸಿಗುತ್ತದೆ, ಆದರೆ ತಗಡು ತೆಳು, ಕಾಲಿಟ್ಟರೆ ಬಗ್ಗುತ್ತದೆ. ಫುಟ್ ಸ್ವಿಚ್ 150, ಪಾಟ್, ಜ್ಯಾಕ್, ಬೋರ್ಡ್ ಎಲ್ಲ ಸೇರಿ ಇನ್ನೂರು. ಟ್ರಾನ್ಸಿಸ್ಟರ್‌ಗೆ, ಕಸಕ್ಕೆ ಹೋದದ್ದನ್ನೂ ಸೇರಿಸಿದರೆ, 150ರಿಂದ 200. ಪೌಡರ್ ಕೋಟಿಂಗ್ ನರಸಾಪುರದ ಕಡೆ ಒಂದು ಶೆಡ್‌ನಲ್ಲಿ ನಾಲ್ಕೈದು ಒಟ್ಟಿಗೆ ಕೊಟ್ಟರೆ ಒಂದಕ್ಕೆ 80. ಒಟ್ಟು ಸಾವಿರದ ಆಸುಪಾಸು. ನಾನು 2,800ಕ್ಕೆ ಕೊಡುತ್ತೇನೆ. ಅಳೆಯುವುದಕ್ಕೆ ಹೋಗುವ ದಿನಗಳನ್ನು ನೋಡಿದರೆ ಅದೇನೂ ಜಾಸ್ತಿ ಅಲ್ಲ.

ಬೆಂಗಳೂರಿನಲ್ಲಿ ರೆಕಾರ್ಡಿಂಗ್‌ಗೆ ನುಡಿಸುವ ಒಬ್ಬರು, ಮೊದಲ ದಿನ "ಆಗಲ್ಲ" ಎಂದವರೇ, ತಮ್ಮ ವಿದೇಶಿ ಪೆಡಲ್ ಪಕ್ಕ ನನ್ನದನ್ನು ಇಟ್ಟು, ನನಗೆ ಬೆನ್ನು ತಿರುಗಿಸಿ ಕೇಳಿದರು. ಮೂರು ಸಲವೂ ನನ್ನದನ್ನೇ ಆರಿಸಿದರು. ಈಗ ಅವರ ಹತ್ತಿರ ನನ್ನವು ಎರಡು ಇವೆ.

ಸದ್ಯ ಬೆಂಚ್ ಮೇಲೆ ಬೇಸ್ ಗಿಟಾರ್‌ಗೆ ಒಂದು ನಡೆಯುತ್ತಿದೆ. ಔಟ್‌ಪುಟ್‌ನ 0.01 ಮೈಕ್ರೋ ಬದಲು 0.1 ಹಾಕಿದೆ, ತಳದ ದನಿ ಉಳಿಯಿತು. ಫಜ್ ಜೊತೆಗೆ ಕ್ಲೀನ್ ಸಿಗ್ನಲ್ ಸ್ವಲ್ಪ ಬೆರೆಸಬೇಕು, ಅದಕ್ಕೊಂದು ಬ್ಲೆಂಡ್ ಪಾಟ್ ಬೇಕು. ಅಷ್ಟು ಮಾಡಿದರೆ ಮುಂದಿನ ಗಣಪತಿ ಸೀಸನ್‌ಗೆ ನಮ್ಮ ಬೇಸ್‌ನವರ ಕಾಲ ಕೆಳಗೂ ಒಂದು ಬರುತ್ತದೆ.